ಕಾಣದ ನೋವೂ ನಂಬುವ ಧರ್ಮವೂ

ಜ್ವರ ಬಂದವನ ಮಾತನ್ನು ಯಾರೂ ಸಂಶಯಿಸುವುದಿಲ್ಲ. ಹಣೆಯ ಮೇಲೆ ಕೈಯಿಟ್ಟರೆ ಕೈಗೆ ಬಿಸಿ ತಗಲುತ್ತದೆ. ಕಾಲು ಮುರಿದವನ ಕಟ್ಟನ್ನು ಕಂಡರೆ ಮಕ್ಕಳೂ ದಾರಿಬಿಟ್ಟು ನಿಲ್ಲುತ್ತಾರೆ. ವ್ಯಾಧಿಯು ತನ್ನ ಗುರುತನ್ನು ಮೈಮೇಲೆ ತಾನೇ ಬರೆದುಕೊಂಡಾಗ ಅದಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ಆದರೆ ಗುರುತೇ ಇಲ್ಲದ ನೋವೊಂದುಂಟು. ಗಾಯವಿಲ್ಲ, ಬಾವು ಇಲ್ಲ, ಜ್ವರವಿಲ್ಲ, ರಕ್ತಪರೀಕ್ಷೆಯಲ್ಲಿ ದೋಷವಿಲ್ಲ, ಎಕ್ಸ್-ರೇ ಚಿತ್ರದಲ್ಲಿ ಎಲುಬು ಕೀಲುಗಳೆಲ್ಲ ನೆಟ್ಟಗಿವೆ. ಆದರೂ ಕತ್ತು, ಭುಜ, ಬೆನ್ನು, ಸೊಂಟ, ತೊಡೆ ಎಂದು ಮೈಯೆಲ್ಲವೂ ನೋಯುತ್ತದೆ. ರಾತ್ರಿಯಿಡೀ ಮಲಗಿ ಎದ್ದರೂ ಮಲಗದವರ ಬಳಲಿಕೆ. ಕೈಯಲ್ಲಿ ಹಿಡಿದ ಕೆಲಸ ಯಾವುದೆಂಬುದೇ ಮರೆತುಹೋಗುವ ಮಂಕು. ಹೀಗೆಯೇ ತಿಂಗಳುಗಳು ಉರುಳಿ ವರ್ಷಗಳಾಗುತ್ತವೆ. ಆಧುನಿಕ ವೈದ್ಯಶಾಸ್ತ್ರವು ಈ ವ್ಯಾಧಿಯನ್ನು ‘ಫೈಬ್ರೊಮಯಾಲ್ಜಿಯ’ ಎಂದು ಕರೆಯುತ್ತದೆ. ನೂರು ಜನರಲ್ಲಿ ಇಬ್ಬರಿಂದ ನಾಲ್ವರಿಗೆ ಇದು ಇರುವುದೆಂದು ಗಣನೆ. ಅವರಲ್ಲಿ ಹೆಂಗಸರೇ ಹೆಚ್ಚು.

ಈ ವ್ಯಾಧಿಗೆ ನಡಿಗೆ, ನಿದ್ದೆ, ಮಿತವಾದ ಕೆಲಸ, ಮನಸ್ಸಿನ ಸಮಾಧಾನ ಎಂಬ ಸಹಜೋಪಾಯಗಳೇ ಮೊದಲ ಮದ್ದೆಂದು ಬಲ್ಲವರು ಹೇಳುತ್ತಾರೆ. ಮಾತು ನಿಜ. ಆದರೆ ನೋವನ್ನೇ ನಂಬದವರು ಹೇಳುವುದೂ ಹೆಚ್ಚುಕಡಮೆ ಇದೇ ಮಾತು: “ಸ್ವಲ್ಪ ಓಡಾಡಿದರೆ ಎಲ್ಲ ಸರಿಹೋಗುತ್ತದೆ, ಮನಸ್ಸು ಗಟ್ಟಿಮಾಡಿಕೊಳ್ಳಬೇಕು, ಅಷ್ಟೆ.” ಒಂದೇ ಮಾತು ಒಬ್ಬರ ಬಾಯಲ್ಲಿ ಮದ್ದಾಗಿ ಇನ್ನೊಬ್ಬರ ಬಾಯಲ್ಲಿ ಆಪಾದನೆಯಾಗುವುದು ಹೇಗೆ? ಕಾಣದ ನೋವನ್ನು ಹೇಳಿಕೊಳ್ಳುವವರಿಗೆ ಅದನ್ನು ಕೇಳುವವರು ಸಲ್ಲಿಸಬೇಕಾದ ಋಣವೇನು? ಇದು ವೈದ್ಯರಿಗೆ ಮಾತ್ರ ಬಿಟ್ಟುಕೊಡಬಹುದಾದ ಪ್ರಶ್ನೆಯಲ್ಲ. ಪ್ರತಿಯೊಂದು ಮನೆಯ ಧರ್ಮಕ್ಕೂ ಸೇರಿದ ಪ್ರಶ್ನೆ.

ಮೊದಲು ವ್ಯಾಧಿಯ ಚರಿತ್ರೆಯನ್ನು ನೋಡುವುದು ಉಚಿತ. ಲಂಡನ್ನಿನ ಪ್ರಸಿದ್ಧ ನರವೈದ್ಯರಾಗಿದ್ದ ಸರ್ ವಿಲಿಯಂ ಗವರ್ಸರು ೧೯೦೪ರಲ್ಲಿ ಸೊಂಟನೋವನ್ನು ಕುರಿತು ಮಾಡಿದ ಉಪನ್ಯಾಸವೊಂದರಲ್ಲಿ ‘ಫೈಬ್ರೊಸೈಟಿಸ್’ ಎಂಬ ಹೆಸರನ್ನು ಬಳಕೆಗೆ ತಂದರು. ಸ್ನಾಯುಗಳ ನಾರುಭಾಗದಲ್ಲಿ ಉರಿಯೂತವುಂಟಾಗಿ ಇಂಥ ನೋವು ಹುಟ್ಟುತ್ತದೆಂಬುದು ಅವರ ಊಹೆ. ಹೆಸರು ಎಪ್ಪತ್ತು ವರ್ಷ ಬಾಳಿತು, ಊಹೆ ಬಾಳಲಿಲ್ಲ. ಹುಡುಕಿದ ಕಡೆಯಲ್ಲಿ ಉರಿಯೂತವು ಕಾಣಲಿಲ್ಲ. ೧೯೭೬ರಲ್ಲಿ ‘ಫೈಬ್ರೊಮಯಾಲ್ಜಿಯ’ ಎಂಬ ಹೆಸರು ಬಂದಿತು. ನಾರು ಮತ್ತು ಸ್ನಾಯುಗಳ ನೋವು ಎಂಬಿಷ್ಟೇ ಅದರ ಅರ್ಥ. ಕಾರಣವನ್ನು ಬಲ್ಲೆನೆನ್ನುವ ಹೆಸರು ಹೋಗಿ ಕಷ್ಟವನ್ನು ಮಾತ್ರ ಹೇಳುವ ಹೆಸರು ನಿಂತಿತು. ೧೯೯೦ರಲ್ಲಿ ಅಮೆರಿಕದ ಸಂಧಿವಾತತಜ್ಞರ ಸಂಸ್ಥೆಯು ಒಂದು ನಿಯಮವನ್ನು ಗೊತ್ತುಮಾಡಿತು: ಮೂರು ತಿಂಗಳಿಗೆ ಕಡಮೆಯಿಲ್ಲದೆ ಮೈಯೆಲ್ಲ ನೋವಿರಬೇಕು, ದೇಹದ ಮೇಲೆ ಗುರುತಿಸಿದ ೧೮ ಸ್ಥಾನಗಳನ್ನು ಸುಮಾರು ೪ ಕಿಲೋಗ್ರಾಂ ಭಾರದಷ್ಟು ಒತ್ತಿದಾಗ ೧೧ರಲ್ಲಾದರೂ ನೋವು ತೋರಬೇಕು. ೨೦೧೦ರಲ್ಲಿ ಅದೇ ಸಂಸ್ಥೆಯು ಈ ಒತ್ತುವ ಪರೀಕ್ಷೆಯನ್ನು ಕೈಬಿಟ್ಟು, ನೋವು ಎಷ್ಟು ಕಡೆ ಇದೆ, ನಿದ್ದೆ ಹೇಗಿದೆ, ಬಳಲಿಕೆ ಎಷ್ಟು, ನೆನಪು ಹೇಗಿದೆ ಎಂದು ರೋಗಿಯನ್ನೇ ಕೇಳಿ ಎಣಿಸುವ ಹೊಸ ಕ್ರಮವನ್ನು ಮುಂದಿಟ್ಟಿತು. ಬೆರಳಿನಿಂದ ಒತ್ತಿ ನೋಡುತ್ತಿದ್ದ ಶಾಸ್ತ್ರವು ಕಿವಿಗೊಟ್ಟು ಕೇಳುವುದನ್ನು ಕಲಿತುಕೊಂಡಿತೆನ್ನಬಹುದು.

ಕೇಳಿದ್ದು ಸುಳ್ಳಲ್ಲವೆಂಬುದಕ್ಕೆ ಬೇರೆ ಆಧಾರಗಳೂ ದೊರೆತಿವೆ. ೨೦೦೨ರಲ್ಲಿ ಅಮೆರಿಕದ ಸಂಶೋಧಕರು ರೋಗಿಗಳ ಮತ್ತು ಆರೋಗ್ಯವಂತರ ಹೆಬ್ಬೆರಳ ಉಗುರನ್ನು ಅಳತೆಯಿಟ್ಟು ಒತ್ತುತ್ತ ಅವರ ಮೆದುಳಿನ ಚಿತ್ರಗಳನ್ನು ತೆಗೆದರು. ಯಾವ ಹಗುರವಾದ ಒತ್ತಡಕ್ಕೆ ರೋಗಿಗಳ ಮೆದುಳಿನಲ್ಲಿ ನೋವಿಗೆ ಸಂಬಂಧಿಸಿದ ಭಾಗಗಳು ಎಚ್ಚೆತ್ತವೋ, ಆರೋಗ್ಯವಂತರಲ್ಲಿ ಅಷ್ಟು ಎಚ್ಚರ ಕಾಣಬೇಕಾದರೆ ಅದರ ಒಂದೂವರೆ ಪಾಲಿಗಿಂತಲೂ ಹೆಚ್ಚಿನ ಒತ್ತಡ ಬೇಕಾಯಿತು. ಊರಿನ ತಳವಾರನು ಕಳ್ಳನನ್ನು ಕಂಡಾಗ ಕೂಗುವುದು ಅವನ ಕರ್ತವ್ಯ. ನೆರಳು ಅಲುಗಿದರೂ ಎಲೆ ಉದುರಿದರೂ ಕೂಗುವ ತಳವಾರನಿದ್ದರೆ ಆ ಊರಿಗೆ ನಿದ್ದೆಯೆಲ್ಲಿ? ಕಳ್ಳನು ಬಂದಿಲ್ಲವೆಂಬುದು ನಿಜ. ಊರೆಲ್ಲ ಎದ್ದು ಕುಳಿತಿದೆಯೆಂಬುದೂ ಅಷ್ಟೇ ನಿಜ. ಈ ವ್ಯಾಧಿಯಲ್ಲಿ ಕೆಟ್ಟಿರುವುದು ಸ್ನಾಯುವಲ್ಲ, ಕಾವಲು. ಆದುದರಿಂದಲೇ ಸ್ನಾಯುವನ್ನು ಪರೀಕ್ಷಿಸಿದವರಿಗೆ ಏನೂ ಸಿಕ್ಕುವುದಿಲ್ಲ.

ಹೀಗಿರುವಲ್ಲಿ, ಅಂಜಿದ ಕಾವಲುಗಾರನನ್ನು ಸಮಾಧಾನಪಡಿಸುವುದೇ ಚಿಕಿತ್ಸೆಯ ಮರ್ಮ. ಔಷಧಗಳು ಇಲ್ಲದೆಯಿಲ್ಲ; ಅವುಗಳಿಂದ ಕೆಲವರಿಗೆ ಸ್ವಲ್ಪ ಸುಖವುಂಟು, ಹಲವರಿಗೆ ಇಲ್ಲ. ಯೂರೋಪಿನ ಸಂಧಿವಾತತಜ್ಞರ ಒಕ್ಕೂಟವು ೨೦೧೬ರಲ್ಲಿ ಪ್ರಕಟಿಸಿದ ಸಲಹೆಗಳಲ್ಲಿ ಬಲವಾದ ಅನುಮೋದನೆ ದೊರೆತದ್ದು ಒಂದೇ ಒಂದು ಉಪಾಯಕ್ಕೆ, ಅದು ವ್ಯಾಯಾಮ. ವ್ಯಾಯಾಮವೆಂದರೆ ಮಲ್ಲರ ಸಾಮು ಅಲ್ಲ. ನಿಧಾನವಾದ ನಡಿಗೆ, ನೀರಿನಲ್ಲಿ ಕೈಕಾಲಾಡಿಸುವುದು, ಹಗುರವಾದ ಆಸನಗಳು, ಇಷ್ಟೇ ಸಾಕು. ಬಾಸ್ಟನ್ ನಗರದಲ್ಲಿ ೬೬ ಮಂದಿ ರೋಗಿಗಳ ಮೇಲೆ ನಡೆದು ೨೦೧೦ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ‘ತಾಯ್ ಚೀ’ ಎಂಬ ಚೀನೀಯರ ನಿಧಾನ ವ್ಯಾಯಾಮವನ್ನು ವಾರಕ್ಕೆ ಎರಡು ಸಲದಂತೆ ೧೨ ವಾರ ಕಲಿತವರಿಗೆ ನೋವೂ ನಿದ್ದೆಯೂ ಗಣನೀಯವಾಗಿ ಸುಧಾರಿಸಿದವು. ೨೨೬ ಮಂದಿಯನ್ನು ಕುರಿತ ೨೦೧೮ರ ಪರೀಕ್ಷೆಯಲ್ಲಿಯೂ ಅದು ಬಿರುಸಾದ ವ್ಯಾಯಾಮಕ್ಕೆ ಸಮವಾಗಿ ಅಥವಾ ಮಿಗಿಲಾಗಿ ನಿಂತಿತು. ೨೦೧೦ರಲ್ಲಿಯೇ ಅಮೆರಿಕದ ಆರೆಗಾನ್ ಪ್ರಾಂತದಿಂದ ೫೩ ಮಂದಿ ಹೆಂಗಸರ ಮೇಲೆ ಮಾಡಿದ ಇನ್ನೊಂದು ಪರೀಕ್ಷೆಯ ವರದಿ ಬಂದಿತು. ಆಸನ, ಪ್ರಾಣಾಯಾಮ, ಧ್ಯಾನಗಳನ್ನು ಕೂಡಿಸಿದ ಎಂಟು ವಾರಗಳ ಯೋಗಶಿಕ್ಷಣದಿಂದ ಅವರ ನೋವು ಬಳಲಿಕೆಗಳು ತಗ್ಗಿದವೆಂದು ಅದು ಹೇಳಿತು.

ವ್ಯಾಯಾಮದ ಅಳತೆಯೇ ಇಲ್ಲಿ ಮುಖ್ಯ. ವಾಗ್ಭಟಾಚಾರ್ಯನು ಅಷ್ಟಾಂಗಹೃದಯದಲ್ಲಿ, ಬಲಿಷ್ಠರಾದವರು ಕೂಡ ಚಳಿಗಾಲ ವಸಂತಗಳಲ್ಲಿ ತಮ್ಮ ಶಕ್ತಿಯ ಅರ್ಧದಷ್ಟೇ ವ್ಯಾಯಾಮ ಮಾಡಬೇಕು, ಉಳಿದ ಋತುಗಳಲ್ಲಿ ಇನ್ನೂ ಕಡಮೆ ಮಾಡಬೇಕು ಎಂದು ವಿಧಿಸಿದ್ದಾನೆ. ಬಲಿಷ್ಠರಿಗೇ ಅರ್ಧವಾದರೆ ಬಳಲಿದವರಿಗೆ ಎಷ್ಟೆಂಬುದನ್ನು ಊಹಿಸಿಕೊಳ್ಳಬಹುದು. ಈ ವ್ಯಾಧಿಯುಳ್ಳವರು ಸಾಮಾನ್ಯವಾಗಿ ಮಾಡುವ ತಪ್ಪು ಒಂದುಂಟು: ನೋವು ಸ್ವಲ್ಪ ತಗ್ಗಿದ ದಿನ, ಹಿಂದುಳಿದ ಕೆಲಸವನ್ನೆಲ್ಲ ಒಂದೇ ಉಸಿರಿನಲ್ಲಿ ಮುಗಿಸಹೋಗುತ್ತಾರೆ, ಮರುದಿನದಿಂದ ಮೂರು ದಿನ ಹಾಸಿಗೆ ಹಿಡಿಯುತ್ತಾರೆ. ಒಳ್ಳೆಯ ದಿನದಲ್ಲಿ ಅರ್ಧಕ್ಕೆ ನಿಲ್ಲುವುದು, ಕೆಟ್ಟ ದಿನದಲ್ಲಿಯೂ ಪೂರ್ತಿ ಬಿಡದಿರುವುದು, ವಾರಕ್ಕಿಷ್ಟೆಂದು ಮೆಲ್ಲಮೆಲ್ಲನೆ ಏರಿಸುವುದು: ಇದೇ ಇಲ್ಲಿಯ ಸಾಧನೆ.

ಎರಡನೆಯದು ನಿದ್ದೆ. ಚರಕಸಂಹಿತೆಯು ದೇಹವನ್ನು ಎತ್ತಿಹಿಡಿದ ಮೂರು ಉಪಸ್ತಂಭಗಳಲ್ಲಿ ನಿದ್ದೆಯನ್ನು ಒಂದಾಗಿ ಎಣಿಸಿದೆ. ಕೆನಡಾ ದೇಶದ ಟೊರಾಂಟೋ ನಗರದಲ್ಲಿ ನಡೆದು ೧೯೭೫ರಲ್ಲಿ ಪ್ರಕಟವಾದ ಪ್ರಯೋಗವೊಂದು ಆ ಮಾತಿಗೆ ಹೊಸ ಅರ್ಥವನ್ನು ಕೊಟ್ಟಿತು. ಆರೋಗ್ಯವಂತರಾದ ಸ್ವಯಂಸೇವಕರು ಗಾಢನಿದ್ದೆಗೆ ಇಳಿದಾಗಲೆಲ್ಲ ಸದ್ದು ಮಾಡಿ ಆ ನಿದ್ದೆಯನ್ನು ಕೆಡಿಸಲಾಯಿತು. ಕೆಲವೇ ರಾತ್ರಿಗಳಲ್ಲಿ ಆ ಆರೋಗ್ಯವಂತರಿಗೂ ಮೈಕೈನೋವು, ಬಳಲಿಕೆ, ಮುಟ್ಟಿದರೆ ನೋಯುವ ಸೂಕ್ಷ್ಮತೆಗಳು ತೋರಿಕೊಂಡವು. ನೋವು ನಿದ್ದೆಯನ್ನು ಕೆಡಿಸುತ್ತದೆ. ಕೆಟ್ಟ ನಿದ್ದೆ ನೋವನ್ನು ಬೆಳೆಸುತ್ತದೆ. ಆದುದರಿಂದ ಗೊತ್ತಾದ ವೇಳೆಗೆ ಮಲಗುವುದು, ಗೊತ್ತಾದ ವೇಳೆಗೆ ಏಳುವುದು, ಮಲಗುವ ಕೋಣೆಯಲ್ಲಿ ಬೆಳಕನ್ನೂ ಸದ್ದನ್ನೂ ತಗ್ಗಿಸುವುದು, ಸಂಜೆಯ ಮೇಲೆ ಕಾಫಿಯನ್ನು ಬಿಡುವುದು ಮೊದಲಾದ ಸಣ್ಣ ನಿಯಮಗಳೂ ಇಲ್ಲಿ ಸಣ್ಣವಲ್ಲ. ಆಹಾರ ವಿಹಾರಗಳಲ್ಲಿ ಮಾತ್ರವಲ್ಲದೆ ನಿದ್ದೆ ಎಚ್ಚರಗಳಲ್ಲಿಯೂ ಹದವಿರುವವನಿಗೇ ಯೋಗವು ದುಃಖವನ್ನು ಕಳೆಯುವುದೆಂದು ಗೀತೆಯ ಆರನೆಯ ಅಧ್ಯಾಯವು ಹೇಳುವುದನ್ನು ಇಲ್ಲಿ ನೆನೆಯಬಹುದು. ಇನ್ನು ಕನ್ನಡದ ಮನೆಗಳಿಗೆ ಪರಿಚಿತವಾದ ಎಣ್ಣೆನೀರಿನ ಸ್ನಾನವಿದೆ. ಬಿಸಿನೀರು ಬಿಗಿದ ಮೈಯನ್ನು ಕೆಲವು ಗಂಟೆಗಳ ಮಟ್ಟಿಗೆ ಸಡಿಲಿಸುತ್ತದೆ, ವ್ಯಾಧಿಯನ್ನು ಕಳೆಯುವುದಿಲ್ಲ. ಕೆಲವು ಗಂಟೆಗಳ ಸುಖವೂ ಸುಖವೇ.

ಇಷ್ಟು ಹೇಳುವಾಗ ಎರಡು ಎಚ್ಚರಿಕೆಗಳು ಅವಶ್ಯಕ. ಮೈಯೆಲ್ಲ ನೋಯುವುದು ಥೈರಾಯ್ಡ್ ಗ್ರಂಥಿಯ ದೋಷದಿಂದಲೂ ಸಂಧಿವಾತದಿಂದಲೂ ಬರಬಹುದು. ವೈದ್ಯರಿಂದ ಪರೀಕ್ಷೆ ಮಾಡಿಸದೆ ಮನೆಯಲ್ಲಿಯೇ ಹೆಸರಿಟ್ಟುಕೊಳ್ಳುವುದು ಅಪಾಯಕರ. ಎರಡನೆಯದಾಗಿ, ಸಹಜವೆಂಬ ಹೆಸರು ನಿರಪಾಯಕ್ಕೆ ಬರೆದುಕೊಟ್ಟ ಮುಚ್ಚಳಿಕೆಯಲ್ಲ. ಬಾಸ್ಟನ್ನಿನ ಅಂಗಡಿಗಳಲ್ಲಿ ಮಾರುತ್ತಿದ್ದ ೭೦ ಬಗೆಯ ಆಯುರ್ವೇದ ತಯಾರಿಕೆಗಳನ್ನು ಪರೀಕ್ಷಿಸಿದ ೨೦೦೪ರ ವರದಿಯೊಂದರಂತೆ, ಅವುಗಳಲ್ಲಿ ೧೪ರಲ್ಲಿ ಸೀಸ, ಪಾದರಸ, ಆರ್ಸೆನಿಕ್ ಎಂಬ ವಿಷಲೋಹಗಳಲ್ಲಿ ಯಾವುದಾದರೊಂದು ಕಂಡುಬಂದಿತು. ಯಾರು ಮಾಡಿದರೆಂದು ತಿಳಿಯದ ಪುಡಿ ಲೇಹ್ಯಗಳಿಗಿಂತ, ಖರ್ಚಿಲ್ಲದ ಅರ್ಧ ಗಂಟೆಯ ನಡಿಗೆ ಮೇಲು.

ಆದರೆ ಆ ಅರ್ಧ ಗಂಟೆಗೆ ನಿಜವಾಗಿಯೂ ಖರ್ಚಿಲ್ಲವೆ? ಧರ್ಮದ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಗುಳಿಗೆಯನ್ನು ಒಬ್ಬರೇ ನುಂಗಬಹುದು. ನಡಿಗೆಗೆ ಬಿಡುವು ಬೇಕು. ನಿದ್ದೆಗೆ ಮನೆಯ ಮೌನ ಬೇಕು. ಕೆಲಸವನ್ನು ಅರ್ಧಕ್ಕೆ ನಿಲ್ಲಿಸಬೇಕಾದರೆ ಉಳಿದ ಅರ್ಧವನ್ನು ಮಾಡುವ ಇನ್ನೊಂದು ಕೈ ಬೇಕು. ಸಹಜೋಪಾಯಗಳೆಲ್ಲದರ ಗುಣವೇ ಇದು: ಅವು ರೋಗಿಯ ದೇಹದಲ್ಲಿ ಫಲಿಸಿದರೂ ಸುತ್ತಲಿನವರ ಸೌಜನ್ಯದಲ್ಲಿ ಬೇರೂರಬೇಕು.

ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಸೊಸೆಯು ಬೆಳಗ್ಗೆ ಐದಕ್ಕೆ ಏಳಬೇಕು. ರಾತ್ರಿ ಎಲ್ಲರ ಊಟವಾಗಿ ಅಡಿಗೆಮನೆ ಶುದ್ಧವಾದ ಮೇಲೆ ಮಲಗಬೇಕು. “ಇವತ್ತು ಬೆನ್ನು ಬಗ್ಗಿಸುವುದಕ್ಕೇ ಆಗುತ್ತಿಲ್ಲ, ಅತ್ತೆ” ಎಂದರೆ, “ನಿನ್ನ ವಯಸ್ಸಿಗೆ ನಾನು ದಿನಕ್ಕೆ ಇಪ್ಪತ್ತು ಕೊಡ ನೀರು ಸೇದುತ್ತಿದ್ದೆ, ಕಣಮ್ಮ” ಎಂದು ಉತ್ತರ. ಗಂಡನು ಪರೀಕ್ಷೆಯ ಕಾಗದವನ್ನು ಮಡಿಸಿಡುತ್ತ, “ಡಾಕ್ಟರು ಏನೂ ಇಲ್ಲವೆಂದರಲ್ಲ, ಇನ್ನು ಸುಮ್ಮನೆ ಯೋಚಿಸಬೇಡ” ಎನ್ನುತ್ತಾನೆ. ಇಬ್ಬರಲ್ಲಿ ಯಾರೂ ಕ್ರೂರರಲ್ಲ. ಅತ್ತೆಯು ತಾನು ಪಟ್ಟ ಕಷ್ಟವನ್ನು ಅಳತೆಗೋಲಾಗಿ ಹಿಡಿದಿದ್ದಾಳೆ. ಗಂಡನು ಕಾಗದವನ್ನು ನಂಬಿದ್ದಾನೆ. ಆದರೆ ಆ ದಿನದಿಂದ ಸೊಸೆಯು ಹೇಳುವುದನ್ನು ಬಿಡುತ್ತಾಳೆ. ನೋವು ನಿಲ್ಲಲಿಲ್ಲ, ಅದನ್ನು ಹೇಳುವ ಬಾಯಿ ಮಾತ್ರ ಮುಚ್ಚಿತು. ಮನೆಯವರು ಅದನ್ನೇ ಗುಣವೆಂದು ಭಾವಿಸುತ್ತಾರೆ.

‘ಏನೂ ಇಲ್ಲ’ ಎಂಬ ಮಾತನ್ನು ಸ್ವಲ್ಪ ಪರೀಕ್ಷಿಸಬೇಕು. ಭಾಟ್ಟಮೀಮಾಂಸಕರೂ ಅದ್ವೈತ ವೇದಾಂತಿಗಳೂ ‘ಅನುಪಲಬ್ಧಿ’ಯನ್ನು, ಎಂದರೆ ಕಾಣದಿರುವುದನ್ನು, ಒಂದು ಪ್ರಮಾಣವಾಗಿ ಒಪ್ಪಿದರು. ಬೆಳಕಿರುವ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಅಲ್ಲಿ ಗಡಿಗೆಯಿಲ್ಲವೆಂದು ನಿಶ್ಚಯಿಸಬಹುದು. ಆದರೆ ಅವರು ಇದಕ್ಕೆ ಒಂದು ಕಟ್ಟನ್ನೂ ಹಾಕಿದರು: ಇದ್ದಿದ್ದರೆ ಕಾಣಲು ಯೋಗ್ಯವಾಗಿದ್ದ ವಸ್ತುವು ಕಾಣದಿದ್ದಾಗ ಮಾತ್ರ ಅದರ ಅಭಾವವು ಸಿದ್ಧಿಸುತ್ತದೆ. ಕತ್ತಲೆಯಲ್ಲಿ ಗಡಿಗೆ ಕಾಣಲಿಲ್ಲವೆಂಬುದು ಏನನ್ನೂ ಸ್ಥಾಪಿಸುವುದಿಲ್ಲ. ನೋವು ಎಕ್ಸ್-ರೇ ಚಿತ್ರದಲ್ಲಿ ಬೀಳಲು ಯೋಗ್ಯವಾದ ವಸ್ತುವೆ? ಅಲ್ಲವಾದ ಮೇಲೆ, ಚಿತ್ರದಲ್ಲಿ ಅದು ಕಾಣಲಿಲ್ಲವೆಂಬುದರಿಂದ ಅದು ಇಲ್ಲವೆಂದು ಹೇಗೆ ಸಿದ್ಧವಾದೀತು? ಕಾಗದವು ಹೇಳುವುದು ಎಲುಬು ಮುರಿದಿಲ್ಲವೆಂದು. ಹೆಂಡತಿಗೆ ನೋಯುತ್ತಿಲ್ಲವೆಂದು ಅದು ಎಲ್ಲಿಯೂ ಹೇಳಿಲ್ಲ. ನೋವಿನ ಅಧ್ಯಯನಕ್ಕಾಗಿ ಏರ್ಪಟ್ಟ ಅಂತರರಾಷ್ಟ್ರೀಯ ಸಂಘವು ೨೦೨೦ರಲ್ಲಿ ನೋವಿನ ಲಕ್ಷಣವನ್ನು ತಿದ್ದಿ ಬರೆದಾಗ, ತನಗೆ ನೋವಿದೆಯೆಂದು ಒಬ್ಬರು ಹೇಳುವ ಮಾತಿಗೆ ಗೌರವ ಸಲ್ಲಬೇಕೆಂಬುದನ್ನು ಅದಕ್ಕೆ ಸೇರಿದ ಟಿಪ್ಪಣಿಯಲ್ಲಿಯೇ ಇಟ್ಟಿತು. ನೋವಿಗೆ ಸಾಕ್ಷಿ ಒಬ್ಬರೇ. ಆ ಒಬ್ಬ ಸಾಕ್ಷಿಯನ್ನು ಅಲ್ಲಗಳೆದ ಮೇಲೆ ವಿಚಾರಣೆಗೆ ಇನ್ನೇನು ಉಳಿಯುತ್ತದೆ?

ಇದಕ್ಕೆ ಆಕ್ಷೇಪಗಳಿಲ್ಲದೆಯಿಲ್ಲ. ಕೆಲಸ ತಪ್ಪಿಸಿಕೊಳ್ಳಲು ನೋವನ್ನು ನಟಿಸುವವರಿಲ್ಲವೆ ಎಂದು ಕೇಳಬಹುದು. ಇದ್ದಾರೆ. ಆದರೆ ಎರಡು ತಪ್ಪುಗಳನ್ನು ತೂಗಿನೋಡಬೇಕು. ನಟಿಸಿದವರನ್ನು ನಂಬಿದರೆ ಮನೆಗೆ ಒಂದೆರಡು ದಿನದ ಕೆಲಸ ನಷ್ಟ. ನಿಜವಾಗಿ ನೋಯುತ್ತಿರುವವರನ್ನು ನಂಬದಿದ್ದರೆ ಅವರಿಗೆ ಚಿಕಿತ್ಸೆಯೂ ನಷ್ಟ, ಮನೆಯೂ ನಷ್ಟ. ತಮ್ಮ ಮೈಯ ಮೇಲೆಯೇ ತಮಗಿದ್ದ ನಂಬಿಕೆಯೂ ನಷ್ಟ. ಎರಡನೆಯ ನಷ್ಟವನ್ನು ತುಂಬಿಕೊಡುವ ದಾರಿಯಿಲ್ಲ. ಅಲ್ಲದೆ, ನಟಿಸುವವರು ಸುಖವನ್ನು ಬಯಸುತ್ತಾರೆ. ಈ ವ್ಯಾಧಿಯ ಮದ್ದಾದರೋ ದಿನದಿನವೂ ನೋವಿನ ಜೊತೆಯಲ್ಲಿಯೇ ಎದ್ದು ನಡೆಯುವ ವ್ರತ. ಮೈಗಳ್ಳರು ಅಂಥ ವ್ರತವನ್ನು ಬಹುಕಾಲ ಹಿಡಿಯಲಾರರು.

ಇನ್ನೊಂದು ಆಕ್ಷೇಪವು ಇದಕ್ಕಿಂತ ಗಂಭೀರವಾದುದು. ನಂಬಿಕೆಯೆಂಬ ಹೆಸರಿನಲ್ಲಿ ಕನಿಕರವು ಮಿತಿಮೀರಿ, ರೋಗಿಯ ಕೈಯಿಂದ ಎಲ್ಲ ಕೆಲಸವನ್ನೂ ಕಿತ್ತುಕೊಂಡು ಅವಳನ್ನು ಹಾಸಿಗೆಗೆ ಕಟ್ಟಿಹಾಕಿದರೆ, ಅದೂ ಕೇಡೇ ಅಲ್ಲವೆ? ಹೌದು, ಕೇಡೇ. ಮಲಗಿಯೇ ಇದ್ದರೆ ಸ್ನಾಯುಗಳು ಕುಂದಿ, ಹೆಜ್ಜೆಯಿಟ್ಟರೆ ಇನ್ನಷ್ಟು ನೋವಾಗಿ, ಕಾವಲುಗಾರನ ಅಂಜಿಕೆ ಬಲಿಯುತ್ತದೆ. ಆದರೆ ನಂಬುವುದು ಬೇರೆ, ಮುದ್ದಿಸುವುದು ಬೇರೆ. “ನಿನಗೆ ನೋವಿಲ್ಲ, ಆದುದರಿಂದ ಏಳು” ಎನ್ನುವುದು ಸುಳ್ಳು. “ನಿನಗೆ ನೋವಿದೆ, ಆದುದರಿಂದ ಏಳಬೇಡ” ಎನ್ನುವುದು ಮೋಹ. “ನಿನಗೆ ನೋವಿದೆಯೆಂಬುದು ಗೊತ್ತು, ಆದರೂ ಮೆಲ್ಲನೆ ಏಳೋಣ” ಎನ್ನುವುದರಲ್ಲಿ ಸತ್ಯವೂ ಇದೆ, ಹಿತವೂ ಇದೆ. ವಾಗ್ಭಟನ ಅರ್ಧವು ಎರಡು ಕಡೆಗೂ ಸಲ್ಲುವ ನಿಯಮ. ರೋಗಿಯು ತನ್ನ ಅರ್ಧವನ್ನು ಬಿಡಬಾರದು. ಮನೆಯವರು ತಮ್ಮ ಅರ್ಧವನ್ನು ಮರೆಯಬಾರದು. ತನ್ನ ಪಾಲಿನ ನಡಿಗೆಯನ್ನು ತಾನೇ ನಡೆಯಬೇಕಾದದ್ದು ರೋಗಿಯ ಕರ್ತವ್ಯ. ನೋವನ್ನೇ ತನ್ನ ಹೆಸರನ್ನಾಗಿ ಮಾಡಿಕೊಳ್ಳದೆ, ಅದರ ಆಚೆಗೂ ತಾನು ತಾಯಿ, ಓದುಗಳು, ಹಾಡುಗಾರ್ತಿ, ಗೆಳತಿ ಎಂಬುದನ್ನು ಮರೆಯದಿರುವುದೂ ಆ ಕರ್ತವ್ಯಕ್ಕೇ ಸೇರಿದುದು.

ಮೈಗೆ ತಗಲುವ ನೋವು ಒಂದು ಬಾಣ, ಅದನ್ನು ನೆನೆನೆನೆದು ಮನಸ್ಸು ಪಡುವ ಸಂಕಟ ಎರಡನೆಯ ಬಾಣ ಎಂಬ ಉಪಮಾನವೊಂದು ಬುದ್ಧನ ಉಪದೇಶಗಳಲ್ಲಿದೆ. ಮೊದಲನೆಯದು ಎಲ್ಲರಿಗೂ ತಗಲುತ್ತದೆ. ಎರಡನೆಯದನ್ನು ಜ್ಞಾನಿಯು ತಪ್ಪಿಸಿಕೊಳ್ಳುತ್ತಾನೆ. ಧ್ಯಾನ, ಉಸಿರಿನ ಅಭ್ಯಾಸ, ಅಂಜಿಕೆಯನ್ನು ತಗ್ಗಿಸುವ ಮನಶ್ಶಿಕ್ಷಣ ಇವು ಮಾಡುವುದು ಈ ಎರಡನೆಯ ಬಾಣವನ್ನು ಕೀಳುವ ಕೆಲಸವನ್ನೇ. ಆದರೆ ಕಾಣದ ನೋವುಳ್ಳವರಿಗೆ ಮೂರನೆಯ ಬಾಣವೊಂದು ಉಂಟು. ಅದು ಹತ್ತಿರದವರ ಅಪನಂಬಿಕೆ. ಮೊದಲನೆಯದನ್ನು ಎಸೆಯುವುದು ದೇಹ, ಎರಡನೆಯದನ್ನು ಮನಸ್ಸು. ಮೂರನೆಯದು ಹೊರಡುವುದು ಇನ್ನೊಬ್ಬರ ಕೈಯಿಂದ. ರೋಗಿಯು ಎಷ್ಟು ಧ್ಯಾನ ಮಾಡಿದರೂ ಅದನ್ನು ತಡೆಯಲಾರಳು. ಹಿಡಿದವರೇ ಕೆಳಗಿಡಬೇಕು.

ಹಾಗೆ ಕೆಳಗಿಡಲು ದೊಡ್ಡ ವಿದ್ಯೆಯೇನೂ ಬೇಡ. ಮೇಲೆ ಊಹಿಸಿದ ಮನೆಯಲ್ಲಿಯೇ ಒಂದು ಸಂಜೆ ಅತ್ತೆಯು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು, “ಬಾಮ್ಮ, ದೇವಸ್ಥಾನದ ತಿರುವಿನವರೆಗೆ ಹೋಗಿ ಬರೋಣ. ನೋವು ಜಾಸ್ತಿಯಾದರೆ ಅಲ್ಲಿಯೇ ಕಟ್ಟೆಯ ಮೇಲೆ ಕೂತರಾಯಿತು. ಅನ್ನಕ್ಕೆ ಅವನು ಇಡುತ್ತಾನೆ” ಎಂದರೆ ಸಾಕು. ಓಡಾಡಬೇಕೆಂಬ ಸಲಹೆ ಮೊದಲಿನದೇ. ಈ ಸಲ ಅದನ್ನು ಹೇಳಿದವರು ಜೊತೆಯಲ್ಲಿ ಹೊರಟಿದ್ದಾರೆ. ಒಳಗೆ ಒಲೆಯ ಮೇಲೆ ಅಕ್ಕಿಯೂ ಬೇಯುತ್ತಿದೆ.